ಆಪತ್ಕಾಲದ ದಾನವೂ ಅದರ ಲೆಕ್ಕವೂ – ಒಂದು ಚಾರಿತ್ರಿಕ ನೋಟ

ದಾನದ ವಿಷಯದಲ್ಲಿ ನಮ್ಮ ಹಿರಿಯರು ಪಾತ್ರ-ಅಪಾತ್ರಗಳ ವಿಚಾರವನ್ನು ಬಹಳ ಸೂಕ್ಷ್ಮವಾಗಿ ಮಾಡಿದ್ದಾರೆ. ದೇಶ, ಕಾಲ, ಪಾತ್ರಗಳನ್ನು ನೋಡಿ ಕೊಟ್ಟದ್ದು ಸಾತ್ತ್ವಿಕವೆಂದು ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನೇ ಹೇಳಿರುವುದನ್ನು ವಾಚಕರಿಗೆ ನಾನು ನೆನಪಿಸಬೇಕಾಗಿಲ್ಲ. ಆದರೆ ಆ ವಿಚಾರವೆಲ್ಲ ಕೊಡುವವನೂ ತೆಗೆದುಕೊಳ್ಳುವವನೂ ಪರಸ್ಪರ ಎದುರಿಗೆ ನಿಂತಿದ್ದ ಕಾಲದ್ದು. ಭೂಕಂಪವೋ ಪ್ರವಾಹವೋ ಆದಾಗ ಸ್ಥಿತಿ ಬೇರೆ. ಕಷ್ಟದಲ್ಲಿರುವವನು ಸಾವಿರ ಮೈಲು ದೂರದಲ್ಲಿರುತ್ತಾನೆ; ಘಾಟ್ಕೋಪರಿನ ನಮ್ಮ ಮನೆಯ ಬಾಗಿಲಿಗೆ ಬರುವವನು ಒಬ್ಬ ಮಧ್ಯವರ್ತಿ. ಅವನ ಕೈಯಲ್ಲಿ ರಸೀದಿ ಪುಸ್ತಕವಿರಬಹುದು, ಬರಿಯ ಡಬ್ಬಿಯೇ ಇರಬಹುದು, ಈಚೆಗೆ ಮೊಬೈಲಿನ ಪರದೆಯ ಮೇಲಿನ ಒಂದು ಚಿತ್ರವೂ ಇರಬಹುದು. ಈ ಮಧ್ಯವರ್ತಿಯನ್ನು ನಂಬುವುದು ಹೇಗೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಸುಮಾರು ನೂರೈವತ್ತು ವರ್ಷಗಳ ಇತಿಹಾಸವಿದೆ. ಆ ಇತಿಹಾಸದ ಕೆಲವು ಘಟ್ಟಗಳನ್ನು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶ. ಲೇಖಕನು ವಿದ್ವಾಂಸನಲ್ಲ, ರೈಲ್ವೆಯಲ್ಲಿ ಹಳಿ, ಸೇತುವೆಗಳ ಲೆಕ್ಕ ಬರೆದು ನಿವೃತ್ತನಾದವನು. ಆದುದರಿಂದ ಲೆಕ್ಕದ ಕಡೆಗೇ ದೃಷ್ಟಿ ಹೆಚ್ಚಾಗಿ ಹೋಗಿದ್ದರೆ ವಾಚಕರು ಸಹಿಸಿಕೊಳ್ಳಬೇಕು.

ಕನ್ನಡ ನಾಡಿನ ನೆನಪಿನಲ್ಲಿ ಇಂದಿಗೂ ಅಳಿಯದೆ ಉಳಿದಿರುವ ಮಹಾಕ್ಷಾಮವೆಂದರೆ ಧಾತು-ಈಶ್ವರ ಸಂವತ್ಸರಗಳ ಬರ, ಎಂದರೆ ಕ್ರಿ.ಶ. 1876ರಿಂದ 1878ರವರೆಗಿನದು. ಬಳ್ಳಾರಿ ಜಿಲ್ಲೆ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ ಮತ್ತು ಕಲಾದಗಿ (ಇಂದಿನ ವಿಜಯಪುರ, ಬಾಗಲಕೋಟೆ) ಮುಂಬಯಿ ಪ್ರಾಂತಕ್ಕೆ. ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರ ಗಣತಿಯಲ್ಲಿ ಸುಮಾರು 50½ ಲಕ್ಷವಿದ್ದುದು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತೆಂಬ ಒಂದು ಅಂಕಿಯೇ ಆ ಬರದ ಘೋರತೆಯನ್ನು ಹೇಳುತ್ತದೆ. ಮುಂಬಯಿ ಮತ್ತು ಮದರಾಸುಗಳ ರೈಲು ಮಾರ್ಗಗಳು 1871ರಲ್ಲಿಯೇ ರಾಯಚೂರಿನಲ್ಲಿ ಕೂಡಿದ್ದವು. ಆದರೂ ಒಂಟಿ ಹಳಿಯ ಮೇಲೆ ಎಷ್ಟು ಗಾಡಿಗಳು ಓಡಬಹುದೋ ಅಷ್ಟೇ ಧಾನ್ಯ ಒಳನಾಡನ್ನು ತಲಪಿತು. ಮದರಾಸಿನ ಸಮುದ್ರತೀರದಲ್ಲಿ ಧಾನ್ಯದ ಮೂಟೆಗಳು ರಾಶಿಯಾಗಿ ಬಿದ್ದಿದ್ದಾಗಲೇ ಬಳ್ಳಾರಿಯ ಕಡೆ ಜನ ಹಸಿವಿನಿಂದ ಸಾಯುತ್ತಿದ್ದರು.

1877ರ ಆಗಸ್ಟಿನಲ್ಲಿ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಸಭೆ ಸೇರಿ, ಲಂಡನ್ನಿನ ಲಾರ್ಡ್ ಮೇಯರನಿಗೆ ತಂತಿ ಕಳುಹಿಸಲಾಯಿತು. ಅಲ್ಲಿ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಕೆಲವೇ ತಿಂಗಳುಗಳಲ್ಲಿ ಅಪಾರ ಹಣ ಕೂಡಿತು. ದಕ್ಷಿಣ ಭಾರತದ ಮುಖವನ್ನೇ ಕಾಣದ ಇಂಗ್ಲೆಂಡಿನ ಕಾರ್ಖಾನೆಯ ಕೂಲಿಗಳೂ ಅದಕ್ಕೆ ಕೊಟ್ಟರು. ಕೊಟ್ಟವರಿಗೆ ಏನೆಂದು ಉತ್ತರ ಹೇಳುವುದು? ಮದರಾಸಿನ ಕೇಂದ್ರ ಸಮಿತಿಯ ಗೌರವ ಕಾರ್ಯದರ್ಶಿಯಾಗಿದ್ದವನು ವಿಲಿಯಂ ಡಿಗ್ಬಿ, 'ಮದರಾಸ್ ಟೈಮ್ಸ್' ಪತ್ರಿಕೆಯ ಸಂಪಾದಕ. ಜಿಲ್ಲೆಗೊಂದು, ತಾಲ್ಲೂಕಿಗೊಂದು ಸ್ಥಾನಿಕ ಸಮಿತಿಗಳನ್ನು ಏರ್ಪಡಿಸಿ, ಸರಕಾರದ ನೌಕರರನ್ನೂ ಊರಿನ ಪ್ರಮುಖರನ್ನೂ ಪಾದ್ರಿಗಳನ್ನೂ ಅವುಗಳಲ್ಲಿ ಕೂಡಿಸಿ, ಪ್ರತಿಯೊಂದು ಸಮಿತಿಯಿಂದಲೂ ವರದಿ ತರಿಸಿಕೊಳ್ಳಲಾಯಿತು. 1878ರಲ್ಲಿ ಡಿಗ್ಬಿ ಈ ಕ್ಷಾಮದ ಮೇಲೆ ಎರಡು ಸಂಪುಟಗಳ ಗ್ರಂಥವನ್ನೇ ಪ್ರಕಟಿಸಿದನು. ದಾನಿಗಳಿಗೆ ಲೆಕ್ಕ ಒಪ್ಪಿಸುವ ಕಾಗದವಾಗಿ ಹುಟ್ಟಿದ ಸಾಮಗ್ರಿಯೇ ಇಂದು ಚರಿತ್ರಕಾರರಿಗೆ ಆಧಾರವಾಗಿದೆ.

ಇದರಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಜನರ ಪ್ರಾಣ ಉಳಿಸುವುದು ಸರಕಾರದ ಹೊಣೆ. ಅದಕ್ಕಾಗಿ ಕಾಮಗಾರಿಗಳೂ ಗಂಜಿಕೇಂದ್ರಗಳೂ ಇದ್ದವು. ದಾನದ ಹಣದಿಂದ ಸರಕಾರದ ಖರ್ಚನ್ನೇ ಉಳಿಸಿದಂತಾಗಬಾರದೆಂದು ನಿಧಿಯನ್ನು ಪ್ರತ್ಯೇಕ ಉದ್ದೇಶಗಳಿಗೆ ಮೀಸಲಿರಿಸಿದರು. ಅನಾಥ ಮಕ್ಕಳ ಪೋಷಣೆ, ಉಟ್ಟ ಬಟ್ಟೆಯೂ ಇಲ್ಲದವರಿಗೆ ಬಟ್ಟೆ, ಮಾಡು ಕಿತ್ತುಹೋದ ಮನೆಗಳ ದುರಸ್ತಿ, ಮಳೆ ಬಂದ ಮೇಲೆ ಬಿತ್ತನೆಯ ಬೀಜ ಮತ್ತು ಎತ್ತು. ಇಂದು ಯಾವುದೇ ಸಂಸ್ಥೆ ನಮ್ಮ ಮುಂದೆ ಕೈಚಾಚಿದಾಗ 'ಸರಕಾರ ಮಾಡುವುದರ ಹೊರತಾಗಿ ನೀವು ಮಾಡುವುದೇನು?' ಎಂದು ಕೇಳುವುದು ಉದ್ಧಟತನವಲ್ಲ. 1877ರಲ್ಲಿಯೇ ಕೇಳಿ ಉತ್ತರ ಪಡೆದ ಪ್ರಶ್ನೆ ಅದು.

ಪುಣೆಯ ಸಾರ್ವಜನಿಕ ಸಭೆಯು (ಸ್ಥಾಪನೆ 1870) ಅದೇ ಬರದಲ್ಲಿ ಇನ್ನೊಂದು ಬಗೆಯ ಕೆಲಸ ಮಾಡಿತು. ಬರಪೀಡಿತ ಜಿಲ್ಲೆಗಳಿಂದ ಸ್ವತಂತ್ರವಾಗಿ ವರ್ತಮಾನ ತರಿಸಿ, ಸರಕಾರದ ಹೇಳಿಕೆಗಳ ಪಕ್ಕದಲ್ಲಿಟ್ಟು ಮುದ್ರಿಸಿತು. ಕೆಲಸ ಮಾಡುವವನ ಬಾಯಿಂದಲ್ಲದೆ ಮೂರನೆಯವನ ಕಣ್ಣಿನಿಂದಲೂ ನೋಡಬೇಕೆಂಬ ಪದ್ಧತಿಗೆ ನಮ್ಮ ಪ್ರಾಂತದಲ್ಲಿ ಬಹುಶಃ ಇದೇ ಆರಂಭ. ಪ್ರಸಂಗವಶಾತ್ ಹೇಳುವುದಾದರೆ, 1880ರ ಕ್ಷಾಮ ಆಯೋಗವು ಬರದ ಸೀಮೆಗಳಿಗೆ ರೈಲು ಮಾರ್ಗ ಬೇಕೆಂದು ಶಿಫಾರಸು ಮಾಡಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಹೊಟಗಿಯಿಂದ ವಿಜಯಪುರ, ಬಾಗಲಕೋಟೆಯ ಮಾರ್ಗವಾಗಿ ಗದಗಿನವರೆಗೆ ಮೀಟರ್ ಗೇಜ್ ಹಳಿ ಬಿತ್ತು. ನಮ್ಮಲ್ಲಿ ಎಷ್ಟೋ ಕುಟುಂಬಗಳ ಅಜ್ಜಂದಿರು ಉದ್ಯೋಗ ಹುಡುಕಿಕೊಂಡು ಮುಂಬಯಿಗೆ ಬಂದದ್ದು ಈ ಬರದ ಹಳಿಯ ಮೇಲೆಯೇ.

ಮುಂದೆ 1897ರಲ್ಲಿ, ರಾಮಕೃಷ್ಣ ಮಿಷನ್ ಸ್ಥಾಪನೆಯಾದ ತಿಂಗಳಲ್ಲಿಯೇ, ಸ್ವಾಮಿ ಅಖಂಡಾನಂದರು ಬಂಗಾಳದ ಮುರ್ಷಿದಾಬಾದ್ ಜಿಲ್ಲೆಯಲ್ಲಿ ಕ್ಷಾಮ ಪರಿಹಾರಕ್ಕೆ ಕೈಹಾಕಿದರು. 1905ರಲ್ಲಿ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಸ್ಥಾಪಿಸಿದರು. ಇವೆರಡರ ಮೇಲೂ ಬೇಕಾದಷ್ಟು ಗ್ರಂಥಗಳಿವೆ. ನಾನು ಇಲ್ಲಿ ಭಾರತ ಸೇವಕ ಸಮಾಜದ ಒಬ್ಬರೇ ಸದಸ್ಯರ ಹೆಸರು ಹೇಳುವೆನು, ಏಕೆಂದರೆ ಅವರು ವೃತ್ತಿಯಿಂದ ಇಂಜಿನಿಯರರು, ಅದರಲ್ಲಿಯೂ ಹಳಿ ಹಾಕಿದವರು. ಅಮೃತಲಾಲ ಠಕ್ಕರ್, ಜನರ ಬಾಯಲ್ಲಿ ಠಕ್ಕರ್ ಬಾಪಾ, ಪುಣೆಯ ಇಂಜಿನಿಯರಿಂಗ್ ಕಾಲೇಜಿನಿಂದ 1890ರಲ್ಲಿ ತೇರ್ಗಡೆಯಾಗಿ, ಪೂರ್ವ ಆಫ್ರಿಕದ ಯುಗಾಂಡ ರೈಲ್ವೆಯಲ್ಲಿ ದುಡಿದು, ಅನಂತರ ಮುಂಬಯಿ ಮುನಿಸಿಪಾಲಿಟಿಯಲ್ಲಿ ನಗರದ ಕಸವನ್ನು ಸಾಗಿಸುತ್ತಿದ್ದ ಲಘು ರೈಲಿನ ಮೇಲ್ವಿಚಾರಕರಾದರು. ಕುರ್ಲಾದ ಸಮೀಪದ ಕಸದ ಮೈದಾನದಲ್ಲಿ ಸಫಾಯಿ ಕೆಲಸಗಾರರ ಬಾಳನ್ನು ಕಂಡದ್ದೇ ಅವರ ಜೀವನವನ್ನು ತಿರುಗಿಸಿತು. 1914ರಲ್ಲಿ ನೌಕರಿ ಬಿಟ್ಟು ಸಮಾಜವನ್ನು ಸೇರಿ, ಗುಜರಾತಿನಿಂದ ಒರಿಸ್ಸಾದವರೆಗೆ ಬರ ಬಿದ್ದಲ್ಲೆಲ್ಲ ಓಡಾಡಿದರು. ಚೆಂಬೂರು-ಕುರ್ಲಾಗಳ ನಡುವಿನ ಠಕ್ಕರ್ ಬಾಪಾ ಕಾಲನಿಯ ಹೆಸರನ್ನು ನಾವು ದಿನವೂ ಕೇಳುತ್ತೇವೆ. ಆ ಹೆಸರಿನ ಹಿಂದಿರುವ ಮನುಷ್ಯನನ್ನು ಮಾತ್ರ ಮರೆತಿದ್ದೇವೆ.

ಇನ್ನು ಈ ಇತಿಹಾಸದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹಿಡಿಸಿದ ಅಧ್ಯಾಯಕ್ಕೆ ಬರುತ್ತೇನೆ. 1934ರ ಜನವರಿ 15, ಮಕರ ಸಂಕ್ರಮಣದ ಆಸುಪಾಸಿನ ದಿನ, ಬಿಹಾರದಲ್ಲಿ ಮಹಾಭೂಕಂಪವಾಯಿತು. ಸೆರೆಮನೆಯಲ್ಲಿದ್ದ ಬಾಬು ರಾಜೇಂದ್ರ ಪ್ರಸಾದರು ಬಿಡುಗಡೆಯಾಗಿ ಬಂದು ಬಿಹಾರ ಕೇಂದ್ರ ಪರಿಹಾರ ಸಮಿತಿಯನ್ನು ಕಟ್ಟಿದರು. ಅತ್ತ ವೈಸರಾಯನ ಹೆಸರಿನ ನಿಧಿಯೊಂದು, ಇತ್ತ ಜನರ ನಿಧಿಯೊಂದು. ದೇಶದ ಮೂಲೆ ಮೂಲೆಯಿಂದ ಹಣ ಹರಿದುಬಂತು. ಕಾಂಗ್ರೆಸ್ಸಿನ ವೈರಿಗಳಿಗೆ ಈ ನಿಧಿಯ ಲೆಕ್ಕದಲ್ಲಿ ಒಂದು ಆಣೆ ತಪ್ಪಿದರೂ ಸಾಕಾಗಿತ್ತು. ಇದನ್ನರಿತ ಜಮನಾಲಾಲ್ ಬಜಾಜರು ಹಣಕಾಸಿನ ಹೊಣೆಯನ್ನು ಜೆ.ಸಿ. ಕುಮಾರಪ್ಪನವರಿಗೆ ಒಪ್ಪಿಸಿದರು. ತಂಜಾವೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಇದೇ ಮುಂಬಯಿಯಲ್ಲಿ ಆಡಿಟರ್ ಆಗಿ ಕಚೇರಿ ನಡೆಸಿದ್ದ ಕುಮಾರಪ್ಪನವರು ಆ ವೇಳೆಗೆ ಗಾಂಧೀಜಿಯವರ ಅನುಯಾಯಿಗಳಾಗಿದ್ದರು.

ಅವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಸ್ವಯಂಸೇವಕರ ಊಟದ ಖರ್ಚಿಗೆ ತಲೆಗೆ ದಿನಕ್ಕೆ 3 ಆಣೆ ಎಂಬ ಮಿತಿ ಹಾಕಿದ್ದು. ಪರಿಹಾರಕ್ಕೆಂದು ಬಂದ ಹಣ ಪರಿಹಾರ ಮಾಡುವವರ ಹೊಟ್ಟೆಗೆ ಹೋಗಬಾರದಷ್ಟೆ. ಹೀಗಿರುವಾಗ ಸಮಿತಿಯ ಸಭೆಗಾಗಿ ಗಾಂಧೀಜಿಯವರೇ ಪರಿವಾರ ಸಮೇತ ಪಾಟ್ನಾಕ್ಕೆ ಬರುವ ಪ್ರಸಂಗ ಒದಗಿತು. ಗಾಂಧೀಜಿಯವರ ಹಣ್ಣು, ಆಡಿನ ಹಾಲು, ಮೋಟಾರಿನ ಪೆಟ್ರೋಲು ಯಾವುದೂ 3 ಆಣೆಯಲ್ಲಿ ಕೂಡುವುದಿಲ್ಲ. ಕುಮಾರಪ್ಪನವರು ಮಹಾದೇವ ದೇಸಾಯಿಯವರನ್ನು ಕರೆದು, ಈ ಖರ್ಚನ್ನು ಪರಿಹಾರ ನಿಧಿಯಿಂದ ಕೊಡಲಾಗದು, ತಾವು ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು ಎಂದು ತಿಳಿಸಿದರಂತೆ. ಗಾಂಧೀಜಿ ವಿಚಾರಿಸಿ, ನಿಯಮ ಸರಿಯಾಗಿದೆಯೆಂದು ಒಪ್ಪಿಕೊಂಡರಂತೆ. ಇನ್ನೊಂದು ದಿನ ಲೆಕ್ಕ ತಾಳೆ ನೋಡುತ್ತಿದ್ದಾಗ ಗಾಂಧೀಜಿ ಕರೆದರೂ, ಮೊದಲೇ ಹೊತ್ತು ಗೊತ್ತುಮಾಡಿಲ್ಲವೆಂದು ಕುಮಾರಪ್ಪನವರು ಹೋಗಲಿಲ್ಲವೆಂಬ ಕಥೆಯನ್ನೂ ಅವರ ಚರಿತ್ರೆ ಬರೆದವರು ಹೇಳುತ್ತಾರೆ. ನನಗೆ ಈ ಕಥೆಗಳಲ್ಲಿ ಕಾಣುವುದು ಗಾಂಧೀಜಿಯವರ ದೊಡ್ಡತನಕ್ಕಿಂತ ಹೆಚ್ಚಾಗಿ ಒಂದು ಕಾರ್ಯಕ್ರಮ. ಸಂಸ್ಥೆಯ ಅತಿ ದೊಡ್ಡ ಹೆಸರಿನ ಮನುಷ್ಯನಿಗೆ 'ಆಗದು' ಎಂದು ಹೇಳಬಲ್ಲ ಒಬ್ಬ ಖಜಾಂಚಿ ಅಲ್ಲಿ ಇದ್ದನು, ಅವನ ಮಾತು ನಡೆಯಿತು. ಇಂದು ದೊಡ್ಡ ಹೆಸರನ್ನು ನೋಡಿ ಚೆಕ್ಕು ಬರೆಯುವ ನಾವು, ಆ ಹೆಸರಿನ ಕೆಳಗೆ ಲೆಕ್ಕ ಬರೆಯುವವನು ಯಾರೆಂದು ಕೇಳುವುದು ಅಪರೂಪ.

ಸ್ವಾತಂತ್ರ್ಯ ಬಂದೊಡನೆ ದೇಶ ಎದುರಿಸಿದ ಆಪತ್ತು ಪ್ರಕೃತಿಯದಲ್ಲ, ವಿಭಜನೆಯದು. ಪಶ್ಚಿಮ ಪಂಜಾಬು, ಸಿಂಧಗಳಿಂದ ಬಂದ ನಿರಾಶ್ರಿತರು ನಮ್ಮ ಈ ಮಧ್ಯ ರೈಲ್ವೆಯ ಸಾಲಿನಲ್ಲಿಯೇ ಸಾಯನ್ ಕೋಳಿವಾಡಾ, ಚೆಂಬೂರು, ಮುಲುಂಡ್, ಕಲ್ಯಾಣಗಳ ಶಿಬಿರಗಳಲ್ಲಿ ಬಂದಿಳಿದರು. ಕಲ್ಯಾಣದ ಶಿಬಿರವೇ ಉಲ್ಹಾಸನಗರವಾಯಿತು. ಈ ನಿರಾಶ್ರಿತರ ನೆರವಿಗೆಂದು 1948ರ ಜನವರಿಯಲ್ಲಿ ಪಂಡಿತ ನೆಹರೂ ಅವರ ಮನವಿಯ ಮೇಲೆ ಸ್ಥಾಪನೆಯಾದುದೇ ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿ. ಸರಕಾರದ ಬಜೆಟ್ಟಿನಿಂದ ಅದಕ್ಕೆ ಒಂದು ಪೈಯೂ ಬರುವುದಿಲ್ಲ. ಪೂರ್ಣವಾಗಿ ಜನರ ಕೊಡುಗೆಯಿಂದಲೇ ನಡೆಯುವುದು. ನಾವು ರೈಲ್ವೆ ನೌಕರರು ದೇಶದಲ್ಲಿ ಎಲ್ಲಿ ಏನಾದರೂ ಒಂದು ದಿನದ ಸಂಬಳವನ್ನು ಕೊಡುತ್ತಿದ್ದುದು ಹೆಚ್ಚಾಗಿ ಇದಕ್ಕೇ. ಹೆಸರಿನಲ್ಲಿ ಪ್ರಧಾನಮಂತ್ರಿ ಎಂದಿರುವುದರಿಂದ ಇದನ್ನು ಸರಕಾರದ ಇತರ ಲೆಕ್ಕಗಳಂತೆ ಮಹಾಲೇಖಪಾಲರು ಪರಿಶೋಧಿಸುತ್ತಾರೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ, ಹೊರಗಿನ ಸ್ವತಂತ್ರ ಲೆಕ್ಕಪರಿಶೋಧಕರು ಪರಿಶೋಧಿಸುತ್ತಾರೆ, ಆಯವ್ಯಯವನ್ನು ಪ್ರಕಟಿಸುತ್ತಾರೆ.

ಅದೇ ಕಾಲದಲ್ಲಿ ಮುಂಬಯಿ ಪ್ರಾಂತದಲ್ಲಿ ಇನ್ನೊಂದು ಮಹತ್ತ್ವದ ಕೆಲಸವಾಯಿತು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆ, ಈಗ ಮಹಾರಾಷ್ಟ್ರದ ಹೆಸರಿನಲ್ಲಿರುವುದು, ಜಾತಿ ಮತಗಳ ಭೇದವಿಲ್ಲದೆ ದೇವಾಲಯ, ಮಠ, ಮಸೀದಿ, ಧರ್ಮಛತ್ರ, ಸೇವಾಸಂಘ ಎಲ್ಲವನ್ನೂ ಒಬ್ಬ ಚ್ಯಾರಿಟಿ ಕಮಿಷನರನ ಪುಸ್ತಕದಲ್ಲಿ ನೋಂದಾಯಿಸುವ ವ್ಯವಸ್ಥೆ ಮಾಡಿತು. ಸಹಜವಾಗಿಯೇ ಧಾರ್ಮಿಕ ಸಂಸ್ಥೆಗಳಿಗೆ ಆತಂಕವಾಯಿತು. ಈ ಕಾಯಿದೆಯನ್ನು ಪ್ರಶ್ನಿಸಿ ಒಂದು ಜೈನ ದೇವಾಲಯದ ವಹಿವಾಟುದಾರರಾದ ರತಿಲಾಲ್ ಪಾನಾಚಂದ್ ಗಾಂಧಿಯವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಅದೇ ವೇಳೆಗೆ ಮದರಾಸು ಪ್ರಾಂತದ 1951ರ ಧಾರ್ಮಿಕ ದತ್ತಿ ಕಾಯಿದೆಯ ವಿಷಯವಾಗಿ ಆ ನ್ಯಾಯಾಲಯದ ಮುಂದಿದ್ದವರು ನಮ್ಮ ಉಡುಪಿಯ ಶೀರೂರು ಮಠದ ಶ್ರೀ ಶ್ರೀ ಲಕ್ಷ್ಮೀಂದ್ರತೀರ್ಥ ಶ್ರೀಪಾದರು. 1954ರ ಮಾರ್ಚ್ 16ರಂದು ಶೀರೂರು ಮಠದ ತೀರ್ಪು, 18ರಂದು ರತಿಲಾಲರ ತೀರ್ಪು. ಎರಡನ್ನೂ ಬರೆದವರು ನ್ಯಾಯಮೂರ್ತಿ ಬಿ.ಕೆ. ಮುಖರ್ಜಿಯವರು.

ಕಾನೂನಿನ ವಿದ್ಯಾರ್ಥಿಗಳಿಗೆ ಶೀರೂರು ಮಠದ ತೀರ್ಪು ಗೊತ್ತಿಲ್ಲದೆ ಗತಿಯಿಲ್ಲ. ನಮ್ಮವರಲ್ಲಿ ಅದನ್ನು ಓದಿದವರು ಎಷ್ಟು ಜನರೋ ತಿಳಿಯದು. ಪರ್ಯಾಯದ ಅಪಾರ ಖರ್ಚಿನಿಂದ ಮಠಕ್ಕೆ ಆದ ಸಾಲದ ವಿವರದಿಂದಲೇ ಅದು ಆರಂಭವಾಗುತ್ತದೆ. ಪೂಜೆ, ಆಚಾರ, ಸಂಪ್ರದಾಯಗಳಲ್ಲಿ ಯಾವುದು ಅವಶ್ಯವೆಂದು ನಿರ್ಣಯಿಸುವ ಅಧಿಕಾರ ಆಯಾ ಸಂಪ್ರದಾಯಕ್ಕೇ ಸೇರಿದ್ದು. ಸರಕಾರ ಅದರಲ್ಲಿ ಕೈಹಾಕುವಂತಿಲ್ಲ. ಆದರೆ ಆಸ್ತಿಪಾಸ್ತಿಯ ಆಡಳಿತವನ್ನು ಕಾನೂನಿಗನುಸಾರವಾಗಿ ನಡೆಸಬೇಕು. ಸಾರಾಂಶ ಇಷ್ಟು. ರತಿಲಾಲರ ತೀರ್ಪಿನಲ್ಲಿಯೂ ಇದೇ ಗೆರೆ. ಚ್ಯಾರಿಟಿ ಕಮಿಷನರನನ್ನೇ ದೇವಾಲಯ ಮಠಗಳ ಟ್ರಸ್ಟಿಯಾಗಿ ಕೂರಿಸುವ ಕಲಮನ್ನು ನ್ಯಾಯಾಲಯ ಒಪ್ಪಲಿಲ್ಲ. ನೋಂದಣಿ, ಲೆಕ್ಕಪತ್ರ, ಪರಿಶೋಧನೆಗಳನ್ನು ಎತ್ತಿಹಿಡಿಯಿತು. ಹೀಗೆ ಭಕ್ತನು ಹಾಕಿದ ಕಾಣಿಕೆಗೂ ದಾನಿಯು ಕೊಟ್ಟ ಪರಿಹಾರದ ಹಣಕ್ಕೂ ಲೆಕ್ಕ ಇಡಬೇಕೆಂಬ ವ್ಯವಸ್ಥೆ ಸಂವಿಧಾನದ ಒಪ್ಪಿಗೆ ಪಡೆಯಿತು. ಅದರ ಇತಿಹಾಸದಲ್ಲಿ ಒಂದು ಮಾಧ್ವ ಮಠದ ಹೆಸರು ಶಾಶ್ವತವಾಗಿ ಸೇರಿತು.

ಈ ಕಾಯಿದೆಯ ಪ್ರಯೋಜನವನ್ನು ಮುಂಬಯಿಯ ಸಾಮಾನ್ಯ ದಾನಿ ಪಡೆಯುವುದು ಕಡಿಮೆ. ಮಹಾರಾಷ್ಟ್ರದಲ್ಲಿ ನೋಂದಾಯಿತವಾದ ಪ್ರತಿಯೊಂದು ಸಂಸ್ಥೆಗೂ ಅಕ್ಷರಸಹಿತವಾದ ಒಂದು ಸಂಖ್ಯೆ ಇರುತ್ತದೆ. ಹಿಂದೂ ಧಾರ್ಮಿಕ ಸಂಸ್ಥೆಗೆ 'ಎ', ಸಾಮಾನ್ಯ ಧರ್ಮಾದಾಯ ಸಂಸ್ಥೆಗೆ 'ಇ', ಸೊಸೈಟಿಯಾಗಿ ನೋಂದಾಯಿತವಾದುದಕ್ಕೆ 'ಎಫ್'. ರಸೀದಿಯ ಮೇಲೆ ಈ ಸಂಖ್ಯೆ ಇದ್ದರೆ ವರಳಿಯ ಚ್ಯಾರಿಟಿ ಕಮಿಷನರರ ಕಚೇರಿಯಲ್ಲಿ ಸಂಸ್ಥೆಯ ಟ್ರಸ್ಟಿಗಳು ಯಾರು, ಆಸ್ತಿ ಎಷ್ಟು ಎಂಬುದನ್ನು ವಿಚಾರಿಸಬಹುದು. ಸಲ್ಲಿಸುವ ಲೆಕ್ಕದಲ್ಲಿ ಎಂಟನೆಯ ಅನುಸೂಚಿ ಆಸ್ತಿ-ಹೊಣೆಗಳ ತಃಖ್ತೆ, ಒಂಬತ್ತನೆಯದು ಆಯವ್ಯಯ. ಈ ಒಂಬತ್ತನೆಯದರಲ್ಲಿ ಸಿಬ್ಬಂದಿ ಮತ್ತು ಕಚೇರಿಯ ಖರ್ಚು ಒಂದು ಕಡೆ, ಸಂಸ್ಥೆಯ ಉದ್ದೇಶಗಳಿಗೆ ಮಾಡಿದ ಖರ್ಚು ಧಾರ್ಮಿಕ, ಶೈಕ್ಷಣಿಕ, ವೈದ್ಯಕೀಯ, ಬಡವರ ನೆರವು ಎಂದು ವಿಂಗಡವಾಗಿ ಇನ್ನೊಂದು ಕಡೆ ಬರುತ್ತದೆ. ಲೆಕ್ಕದ ಗಂಧವಿಲ್ಲದವರಿಗೂ ಅರ್ಥವಾಗುವ ಹಾಳೆ ಅದು. ನೋಂದಣಿಯಿಲ್ಲದ ಮಂಡಳಿಗಳು ಗಣೇಶೋತ್ಸವದಂಥ ಸಂದರ್ಭದಲ್ಲಿ ಚಂದಾ ಎತ್ತುವುದಕ್ಕೂ ಇದೇ ಕಾಯಿದೆಯ 41ಸಿ ಕಲಮಿನಂತೆ ಕಮಿಷನರರ ಅನುಮತಿ ಬೇಕು.

ಇಲ್ಲಿ ಒಂದು ಮಾತನ್ನು ಇಂಜಿನಿಯರನಾಗಿ ಹೇಳಲೇಬೇಕು. ಕಚೇರಿಯ ಖರ್ಚು ಸೊನ್ನೆ, ಕೊಟ್ಟದ್ದೆಲ್ಲ ನೇರವಾಗಿ ಸಂತ್ರಸ್ತರಿಗೆ ಎಂದು ಹೇಳುವ ಸಂಸ್ಥೆಯನ್ನು ಜನ ಮೆಚ್ಚುತ್ತಾರೆ. ನಾನು ಅಂಥದನ್ನು ಕಂಡರೆ ಇನ್ನೂ ಎರಡು ಪ್ರಶ್ನೆ ಹೆಚ್ಚು ಕೇಳುತ್ತೇನೆ. ರೈಲ್ವೆಯಲ್ಲಿ ಹೊರಗಿನವರ ಹಣದಿಂದ ಮಾಡುವ ಡಿಪಾಜಿಟ್ ಕಾಮಗಾರಿಗಳ ಅಂದಾಜಿನಲ್ಲಿ ಮೇಲ್ವಿಚಾರಣೆಗೆಂದು ಶೇಕಡ 12½ ಸೇರಿಸುತ್ತಿದ್ದೆವು. ಏಕೆಂದರೆ ಅಳತೆ ತೆಗೆಯುವವನು, ಅದನ್ನು ಮೆಷರ್‌ಮೆಂಟ್ ಬುಕ್ಕಿನಲ್ಲಿ ಬರೆಯುವವನು, ಬರೆದದ್ದನ್ನು ಮತ್ತೆ ಅಳೆದು ನೋಡುವವನು ಇವರಿಗೆ ಸಂಬಳ ಬೇಕು. ಮೇಲ್ವಿಚಾರಣೆಗೆ ಖರ್ಚೇ ಇಲ್ಲದ ಕಾಮಗಾರಿಯೆಂದರೆ ಮೇಲ್ವಿಚಾರಣೆಯೇ ಇಲ್ಲದ ಕಾಮಗಾರಿ. ಆ ಖರ್ಚು ಮಿತಿಯಲ್ಲಿದೆಯೇ, ಬಚ್ಚಿಡದೆ ತೋರಿಸಿದ್ದಾರೆಯೇ ಎಂಬುದೇ ನೋಡಬೇಕಾದ್ದು.

1967ರ ಕೊಯ್ನಾ ಭೂಕಂಪ, 1972ರ ಮಹಾರಾಷ್ಟ್ರದ ಬರ ಇವುಗಳನ್ನು ಹಾದು 1993ಕ್ಕೆ ಬರೋಣ. ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಲಾತೂರು-ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಮಡಿದರು. ಕಿಲ್ಲಾರಿ ನಮ್ಮ ಕಲಬುರಗಿ, ಬೀದರ ಜಿಲ್ಲೆಗಳಿಂದ ದೂರವೇನಲ್ಲ. ನಾನು ಆಗ ಸೋಲಾಪುರ ವಿಭಾಗದಲ್ಲಿದ್ದೆ. ಲಾತೂರಿಗೆ ಅಂದು ಇದ್ದುದು ಬಾರ್ಶಿಯ ಕಿರುಗೇಜ್ ಹಳಿ ಮಾತ್ರ. ಮುಂಬಯಿಯಿಂದ ಬಂದ ಸಾಮಗ್ರಿಯನ್ನು ದೊಡ್ಡ ಗಾಡಿಯಿಂದ ಇಳಿಸಿ ಲಾರಿಗೆ ಏರಿಸಬೇಕು. ನಮ್ಮ ಪ್ಲಾಟ್‌ಫಾರಂ ತುಂಬ ಹಳೆಯ ಬಟ್ಟೆಯ ಗಂಟುಗಳು. ಮಳೆ ಸುರಿಯುತ್ತಿತ್ತು, ಹಳ್ಳಿಗಳಲ್ಲಿ ಬೇಕಾಗಿದ್ದುದು ತಾಡಪಾಲು, ತಗಡು, ಕಂದೀಲು. ಗಂಟುಗಳು ಪ್ಲಾಟ್‌ಫಾರಮ್ಮಿನ ಮೇಲೆಯೇ ನೆನೆದು ನಾರತೊಡಗಿದವು. ಕಳುಹಿಸಿದವರ ಭಾವನೆಯಲ್ಲಿ ದೋಷವಿರಲಿಲ್ಲ. ಆದರೆ ಕಿಲ್ಲಾರಿಯ ರೈತನ ಮನೆಯಲ್ಲಿ ಏನಿಲ್ಲವೆಂದು ಅವನನ್ನು ಕೇಳಿ ಬಂದವರು ಅವರಲ್ಲಿ ಯಾರೂ ಇರಲಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಅನಂತರ ತಮಿಳುನಾಡಿನ ಕರಾವಳಿಯಲ್ಲಿಯೂ ಹೀಗೆಯೇ ಬಟ್ಟೆಯ ಗುಡ್ಡಗಳೆದ್ದವು. 1999ರಲ್ಲಿ ಹುಟ್ಟಿದ 'ಗೂಂಜ್' ಎಂಬ ಸಂಸ್ಥೆ ಆ ಬಟ್ಟೆಗಳನ್ನು ಎತ್ತಿಕೊಂಡು, ವಿಂಗಡಿಸಿ, ಹೊಲಿಸಿ, ಉಪಯುಕ್ತ ವಸ್ತುಗಳಾಗಿ ಮಾಡುವುದನ್ನೇ ತನ್ನ ಕಸುಬು ಮಾಡಿಕೊಂಡಿತು. ನಮ್ಮ ನೆರೆಯ ದೇವನಾರಿನಲ್ಲಿರುವ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಲಾತೂರಿನ ಹಳ್ಳಿಗಳಲ್ಲಿ ಜನರ ಅಭಿಪ್ರಾಯ ಕೇಳಿ ಪುನರ್ವಸತಿ ಮಾಡಿಸುವ ಕೆಲಸದಲ್ಲಿದ್ದರೆಂಬುದನ್ನೂ ಸ್ಮರಿಸಬೇಕು.

2001ರ ಜನವರಿ 26ರ ಭುಜ್ ಭೂಕಂಪ ಘಾಟ್ಕೋಪರಿಗೆ ಮನೆಯ ವಿಷಯವಾಗಿತ್ತು; ಕಚ್ಛಿ ಮತ್ತು ಗುಜರಾತಿ ಕುಟುಂಬಗಳು ಇಲ್ಲಿ ಅಷ್ಟೊಂದು. ತಮ್ಮ ಊರಿನ ಮಹಾಜನದ ಮೂಲಕ, ಊರಿನಲ್ಲಿ ಯಾರ ಗೋಡೆ ಬಿದ್ದಿದೆಯೆಂದು ಹೆಸರು ಹಿಡಿದು ಹೇಳಬಲ್ಲವರ ಮೂಲಕ ಅವರು ಹಣ ಕಳುಹಿಸಿದ ರೀತಿ ನೋಡಿ ಕಲಿಯುವಂತಿತ್ತು. ಅದೇ ವಾರದಲ್ಲಿ ನಮ್ಮ ಕಟ್ಟಡಕ್ಕೆ ಡಬ್ಬಿ ಹಿಡಿದ ನಾಲ್ಕು ತರುಣರೂ ಬಂದರು. ಯಾವುದೋ ಸಂಘದ ಬ್ಯಾನರು, ರಸೀದಿ ಇಲ್ಲ. ಇಪ್ಪತ್ತೆಂಟು ಮನೆಗಳಿಂದಲೂ ಹಣ ಬಿತ್ತು. ಲೆಕ್ಕವನ್ನು ಫಲಕದ ಮೇಲೆ ಹಾಕುವೆವೆಂದು ಹೇಳಿ ಹೋದವರು ಮತ್ತೆ ಕಾಣಲಿಲ್ಲ. ಸೊಸೈಟಿಯ ಕಾರ್ಯದರ್ಶಿಗಳು ಆ ವಿಳಾಸವನ್ನು ಹುಡುಕಿ ಹೋದಾಗ ಅಲ್ಲಿ ಸಂಘವಿರಲಿಲ್ಲ. ಆ ವರ್ಷದ ವಾರ್ಷಿಕ ಸ ಭೆಯಲ್ಲಿ, ರಸೀದಿಯೂ ನೋಂದಣಿ ಸಂಖ್ಯೆಯೂ ಇಲ್ಲದೆ ಯಾರೂ ಗೇಟಿನೊಳಗೆ ಚಂದಾ ಎತ್ತಬಾರದೆಂಬ ಠರಾವು ಆಯಿತು. ಇಂದಿಗೂ ನಡೆದಿದೆ.

ಇಂಥ ಕಾಲದಲ್ಲಿಯೇ ದಾನಿಗಳಿಗೆ ನೆರವಾಗುವ ಸಂಸ್ಥೆಗಳೂ ಹುಟ್ಟಿದವು. 2000ದಲ್ಲಿ 'ಗಿವ್ ಇಂಡಿಯಾ', 2004ರಲ್ಲಿ 'ಕ್ರೆಡಿಬಿಲಿಟಿ ಅಲಯನ್ಸ್'. ಎರಡನೆಯದು ಸೇವಾಸಂಸ್ಥೆಗಳೇ ಕೂಡಿ ತಮಗೆ ತಾವೇ ಹಾಕಿಕೊಂಡ ನಿಯಮಗಳ ಕೂಟ. ಆಡಳಿತ ಮಂಡಳಿಯ ಸಭೆ, ಸದಸ್ಯರ ನೆಂಟಸ್ತಿಕೆ, ಸಂಬಳ, ಪ್ರಯಾಣದ ಖರ್ಚು ಎಲ್ಲವನ್ನೂ ತೆರೆದಿಡಬೇಕೆಂಬುದು ಅದರ ಅಭಿಮತ.

ದೂರದ ಆಪತ್ತಿನ ಮಾತು ಇದಾಯಿತು. ಘಾಟ್ಕೋಪರ್ ತಾನೇ ಎಷ್ಟೋ ಸಲ ಆಪತ್ತಿನ ಸ್ಥಳವಾಗಿದೆ. 2000ದ ಜುಲೈ ತಿಂಗಳಲ್ಲಿ ಇಲ್ಲಿಯ ಗುಡ್ಡ ಜರಿದು ಗುಡಿಸಲುಗಳ ಮೇಲೆ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆಯಾದಾಗ ಸಾಕಿನಾಕಾದಲ್ಲಿ ಗುಡ್ಡ ಕುಸಿಯಿತು. ಕುರ್ಲಾ-ಸಾಯನ್ ನಡುವೆ ನಮ್ಮ ಹಳಿಗಳೆಲ್ಲ ನೀರಿನಡಿ. 2017ರ ಜುಲೈ 25ರಂದು ದಾಮೋದರ್ ಪಾರ್ಕಿನ ಕಟ್ಟಡ ಬಿದ್ದು 17 ಜನ, 2024ರ ಮೇ 13ರಂದು ಛೇಡಾ ನಗರದ ಪೆಟ್ರೋಲ್ ಬಂಕಿನ ಮೇಲೆ ಜಾಹೀರಾತಿನ ಫಲಕ ಉರುಳಿ 17 ಜನ ಮೃತರಾದರು. 2005ರ ಆ ರಾತ್ರಿ ಹಳಿಯ ಮೇಲೆ ನಡೆದು ಬರುತ್ತಿದ್ದವರಿಗೆ ಪಕ್ಕದ ಚಾಳುಗಳವರು ಚಹಾ, ಬಿಸ್ಕತ್ತು, ಒಣ ಟವೆಲು ಕೊಟ್ಟದ್ದಕ್ಕೆ ಯಾವ ರಸೀದಿಯೂ ಬೇಕಾಗಲಿಲ್ಲ. ಪಾತ್ರನೂ ದಾನಿಯೂ ಎದುರುಬದುರಾಗಿದ್ದ ಹಳೆಯ ಕಾಲ ಒಂದು ರಾತ್ರಿಯ ಮಟ್ಟಿಗೆ ತಿರುಗಿ ಬಂದಿತ್ತು.

2009ರ ಅಕ್ಟೋಬರ್ 2ರಂದು ತುಂಗಭದ್ರೆ ಉಕ್ಕಿ ಮಂತ್ರಾಲಯದ ಶ್ರೀಮಠದೊಳಗೆ ನುಗ್ಗಿದ ಸುದ್ದಿ ಬಂದಾಗ ನಮ್ಮ ಮನೆಗಳಲ್ಲಿ ಆದ ತಳಮಳವನ್ನು ಬರೆದು ಮುಗಿಸಲಾಗದು. ಪ್ರಾಕಾರ ಮುಳುಗಿತು, ಸಾವಿರಾರು ಭಕ್ತರು ಸಿಕ್ಕಿಬಿದ್ದರು. ಅದೇ ಮಳೆಯಲ್ಲಿ ರಾಯಚೂರು, ಕೊಪ್ಪಳ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ಲಕ್ಷಗಟ್ಟಲೆ ಕರಗಿದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಠಕ್ಕೆಂದು ಹಣ ತಾನಾಗಿ ಬಂತು. ಕರಗಿದ ಹಳ್ಳಿಗಳಿಗೆ ಕೇಳಿ ತರಬೇಕಾಯಿತು. ಕರ್ನಾಟಕ ಸರಕಾರ 'ಆಸರೆ' ಎಂಬ ಯೋಜನೆ ಹೂಡಿ, ಸರಕಾರದ ನೆಲ, ದಾನಿಯ ಹಣ ಎಂಬ ಒಪ್ಪಂದದಲ್ಲಿ ಹೊಸ ಊರುಗಳನ್ನು ಕಟ್ಟಿಸಿತು. ಕಂಪನಿಗಳೂ ಮಠಗಳೂ ಹಳ್ಳಿಗಳನ್ನು ವಹಿಸಿಕೊಂಡವು. ಮನೆಗಳು ಎದ್ದವು; ಆದರೆ ಹೊಲದಿಂದ ದೂರವೆಂದು, ದನ ಕಟ್ಟಲು ಜಾಗವಿಲ್ಲವೆಂದು ಹಲವು ಕಡೆ ಜನ ಹೋಗಲಿಲ್ಲ, ಮನೆಗಳು ಖಾಲಿ ಉಳಿದವು. ಉದ್ಘಾಟನೆಯ ಭಾವಚಿತ್ರವನ್ನು ಕಳುಹಿಸಿದ ಸಂಸ್ಥೆಗಳನ್ನು, ಮೂರು ವರ್ಷದ ಮೇಲೆ ಆ ಮನೆಗಳಲ್ಲಿ ಎಷ್ಟರಲ್ಲಿ ಒಲೆ ಹೊತ್ತುತ್ತಿದೆಯೆಂದು ಯಾವ ದಾನಿಯೂ ಕೇಳಿದ ಹಾಗೆ ಕಾಣೆ. ಕೇಳಬೇಕಾಗಿತ್ತು.

ಈಚಿನ ಕಾಲದಲ್ಲಿ ಕೊಡುವುದು ಸುಲಭವಾದಷ್ಟು ಮೋಸವೂ ಸುಲಭವಾಗಿದೆ. 2020ರ ಮಾರ್ಚ್ 27ರಂದು ಕೋವಿಡ್ ನಿಮಿತ್ತವಾಗಿ ಪಿಎಂ ಕೇರ್ಸ್ ನಿಧಿ ಸ್ಥಾಪನೆಯಾಯಿತು. ಎರಡು ದಿನಗಳೊಳಗೆ, ಅದರ ಯುಪಿಐ ವಿಳಾಸದಿಂದ ಒಂದೇ ಒಂದು 'ಎಸ್' ಅಕ್ಷರವನ್ನು ತೆಗೆದು ಮಾಡಿದ ಖೊಟ್ಟಿ ವಿಳಾಸವೊಂದು ಹರಿದಾಡುತ್ತಿರುವುದನ್ನು ದೆಹಲಿಯ ಪೊಲೀಸರು ಪತ್ತೆಹಚ್ಚಿ ಬ್ಯಾಂಕಿನಿಂದ ಮುಚ್ಚಿಸಿದರು. ವಾಟ್ಸಾಪಿನಲ್ಲಿ ಬಂದ ಚಿತ್ರದಿಂದ ಹಣ ಕಳುಹಿಸದೆ, ಸಂಸ್ಥೆಯ ಸ್ವಂತ ಜಾಲತಾಣದಿಂದಲೋ ಹಿಂದಿನ ವರ್ಷದ ರಸೀದಿಯಿಂದಲೋ ಖಾತೆಯ ಸಂಖ್ಯೆ ತೆಗೆದುಕೊಳ್ಳಿರೆಂದು ನಮ್ಮ ಮಕ್ಕಳಿಗಿಂತ ನಮ್ಮ ವಯಸ್ಸಿನವರಿಗೇ ಹೇಳಬೇಕಾಗಿದೆ.

ತೆರಿಗೆಯ ವಿನಾಯಿತಿಯ ವಿಷಯವಾಗಿ ಒಂದೆರಡು ಮಾತು. 80ಜಿ ಎಂದು ನಾವೆಲ್ಲ ಕರೆಯುತ್ತ ಬಂದ ವಿನಾಯಿತಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ಸಲ್ಲುವುದಿಲ್ಲ. ಅಕ್ಕಿ, ಬಟ್ಟೆಯಂಥ ವಸ್ತುರೂಪದ ದಾನವೂ ಸಲ್ಲುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಈ ವಿನಾಯಿತಿಯೇ ಇಲ್ಲ. ಆದರೂ ಅವರು ಕೂಡ ಇದನ್ನು ಕೇಳುವುದರಲ್ಲಿ ಅರ್ಥವಿದೆ. 2021ರಲ್ಲಿ ಜಾರಿಗೆ ಬಂದ ಪದ್ಧತಿಯಂತೆ, ಸಂಸ್ಥೆಯೇ ಯಾರಿಂದ ಎಷ್ಟು ಬಂತೆಂದು ಆದಾಯ ತೆರಿಗೆ ಇಲಾಖೆಗೆ ಪ್ರತಿವರ್ಷ ಮೇ 31ರೊಳಗೆ ತಿಳಿಸಿ, ದಾನಿಗೆ ಇಲಾಖೆಯ ಸಂಖ್ಯೆಯುಳ್ಳ ಪ್ರಮಾಣಪತ್ರ ಕೊಡಬೇಕು. ಮೊದಲು ಸಂಸ್ಥೆ ಮುದ್ರಿಸಿಕೊಟ್ಟ ರಸೀದಿಯೇ ಸಾಕಾಗಿತ್ತು. ಈಗ ಆ ರಸೀದಿಗೆ ಸರಕಾರದ ಪುಸ್ತಕದಲ್ಲಿ ಜೋಡಿ ನಮೂದು ಇದೆ. ಕಳೆದ ಆಷಾಢದಲ್ಲಿ ನಾನು ಕೊಟ್ಟಿದ್ದ ಮೂರು ಸಂಸ್ಥೆಗಳಲ್ಲಿ ಎರಡರಿಂದ ಪ್ರಮಾಣಪತ್ರ ತಾನಾಗಿ ಬಂತು. ಮೂರನೆಯದಕ್ಕೆ ಪತ್ರ ಬರೆದ ಮೇಲೆ, ಗುಮಾಸ್ತರು ಬದಲಾದುದರಿಂದ ತಡವಾಯಿತೆಂಬ ಕ್ಷಮಾಪಣೆಯೊಡನೆ, ಆ ವರ್ಷದ ಪರಿಶೋಧಿತ ಲೆಕ್ಕದ ಪ್ರತಿಯನ್ನೂ ಸೇರಿಸಿ ಕಳುಹಿಸಿದರು.